ಮೂವತ್ತೆರಡು ಅಕ್ಷರದೊಳಗಿನ ಲಕ್ಕಪ್ಪ

ಮೂಡಲಗಿಯ ಕುರಿಗಾರರ ಸಂಘದ ಕಾರ್ಯದರ್ಶಿ ಫೋನ್ ಮಾಡಿದಾಗ ನಾನು ಗೋಕಾಕದ ನನ್ನ ರಿಪೇರಿ ಅಂಗಡಿಯಲ್ಲಿ ಒಂದು ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ.

"ನಮ್ಮ ಮಷೀನ್ ಸತ್ತವರಿಗೆ ಫೋನ್ ಹಚ್ಚಾಕತ್ತೈತ್ರಿ," ಎಂದರು.

"ಹಚ್ಚಲಿ ಬಿಡ್ರಿ. ಅವರೇನ ಎತ್ತತಾರ?"

ಅವರು ನಗಲಿಲ್ಲ. "ಹಚ್ಚಾಂವನೂ ಸತ್ತಾಂವ ಅದಾನ್ರಿ. ಒಮ್ಮಿ ಬಂದ ನೋಡಿ ಹೋಗ್ರಿ," ಎಂದು ಫೋನ್ ಇಟ್ಟರು.

ಮರುದಿನ ಮೂಡಲಗಿಗೆ ಹೋದೆ. ಸಂಘದ ಕಚೇರಿ ಎಂದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಉಣ್ಣೆಯ ಮೂಟೆಗಳು, ಇನ್ನೊಂದು ಮೂಲೆಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಆ ಮಷೀನು. ಅದರ ಕೆಲಸ ಸರಳ. ಹುಕ್ಕೇರಿ ಸೀಮೆಯ ಹಿಡಕಲ್ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟರೆ ಆ ಕಡೆಯ ಸದಸ್ಯನೊಬ್ಬ ಇಲ್ಲಿಗೆ ಸುದ್ದಿ ಕೊಡುತ್ತಾನೆ. ಇಲ್ಲಿ ಗುಂಡಿ ಒತ್ತಿದರೆ ಮಷೀನು ಗೋಕಾಕದಿಂದ ಕೆಳಗಿನ ದಂಡೆಯ ಕುರಿಗಾರರಿಗೆಲ್ಲ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡುತ್ತದೆ. ಊರೊಳಗಿನವರಿಗೆ ಡಂಗುರವೂ ಮೈಕೂ ಉಂಟು. ಕುರಿಗಾರರು ಇವತ್ತು ಈ ಹೊಲ, ನಾಳೆ ಆ ದಂಡೆ. ಅವರನ್ನು ಹುಡುಕಿಕೊಂಡು ಹೋಗುವ ಡಂಗುರ ಯಾವುದೂ ಇಲ್ಲ.

ಈ ಮಷೀನನ್ನು ಕೂರಿಸಿದವರು ಸಂಘದ ಹಳೆಯ ಆಪರೇಟರ್. ಹೋದ ವರ್ಷ ಎದೆನೋವು ಬಂದು ತೀರಿಕೊಂಡಿದ್ದರು. ಮನುಷ್ಯ ಬಹಳ ಮುತುವರ್ಜಿಯವರು. ಯಾವುದೋ ಜಾಹೀರಾತು ಎಂದುಕೊಂಡು ಕುರಿಗಾರರು ಫೋನ್ ಕಟ್ ಮಾಡಬಾರದೆಂದು, ಪಟ್ಟಿಯಲ್ಲಿದ್ದ ಪ್ರತಿಯೊಬ್ಬನ ಹೆಸರನ್ನೂ ತಮ್ಮ ಧ್ವನಿಯಲ್ಲೇ ಹಿಡಿದಿಟ್ಟಿದ್ದರು. ಮಷೀನು ಮೊದಲು ಆ ಹೆಸರು ಕೂಗುತ್ತದೆ, ಆಮೇಲೆ ಸುದ್ದಿ ಹೇಳುತ್ತದೆ. ಒಂದು ಹೆಸರು ಒತ್ತಿ ಮಷೀನಿನ ಸಣ್ಣ ಸ್ಪೀಕರಿನಲ್ಲಿ ಕೇಳಿದೆ.

"ಭೀಮಪ್ಪಾ... ಹೊಳಿಗಿ ನೀರ ಬಿಟ್ಟಾರ. ದಂಡಿ ಬಿಟ್ಟ ಮ್ಯಾಲ ಬಾರೋ, ಮ್ಯಾಲ ಬಾ."

ಕೊನೆಗೆ ಒಂದು ಸಣ್ಣ ಕೆಮ್ಮು, ಅದರ ಹಿಂದೆ ಯಾರೋ ನಕ್ಕ ಸದ್ದು.

"ಆ ನಗೂದು ನಂದರಿ," ಎಂದರು ಕಾರ್ಯದರ್ಶಿ. "ಅಂವ ಹೆಸರ ಕೂಗೂದ ಕೇಳಿ ನಕ್ಕಿದ್ದೆ. ಈಗ ಪ್ರತಿ ಸಲಾನೂ ಕೇಳಬೇಕಾಗೇತಿ."

ದೆವ್ವ ಭೂತ ನಂಬುವವನಲ್ಲ ನಾನು, ಆದರೂ ಆ ಕೋಣೆಯಲ್ಲಿ ಬೆನ್ನ ಹಿಂದೆ ಯಾರೋ ಕುರ್ಚಿ ಎಳೆದುಕೊಂಡು ಕೂತಂತೆ ಅನಿಸಿತು. ಮಷೀನಿನ ಪಾಸ್‌ವರ್ಡ್ ಆಪರೇಟರ್ ಜೊತೆಗೇ ಹೋಗಿತ್ತು. ಧ್ವನಿ ಬದಲಿಸುವಂತಿರಲಿಲ್ಲ, ಪಟ್ಟಿಯಿಂದ ಒಂದು ಹೆಸರು ಅಳಿಸುವಂತೆಯೂ ಇರಲಿಲ್ಲ. ತೆರೆದಿದ್ದುದು ಒಂದೇ ಪುಟ. ಅದರಲ್ಲಿ ಪಟ್ಟಿಗೆ ಹೊಸ ಸಾಲು ಸೇರಿಸಬಹುದಿತ್ತು. ಜೊತೆಗೆ ಪಟ್ಟಿಯನ್ನು ಹೇಗೆ ಓದಬೇಕೆಂದು ಮಷೀನಿಗೆ ಹೇಳುವ ಒಂದೇ ಒಂದು ಆಜ್ಞೆಯ ಕಿಂಡಿ ಇತ್ತು. ಆ ಕಿಂಡಿಯಲ್ಲಿ ಮೂವತ್ತೆರಡು ಅಕ್ಷರ ಹಿಡಿಯುತ್ತಿತ್ತು. ಮೂವತ್ತಮೂರನೆಯದನ್ನು ಕೇಳದೆಯೇ ಕತ್ತರಿಸಿ ಹಾಕುತ್ತಿತ್ತು.

"ಹೊಸಾದು ಬರಾಕ ಇನ್ನೂ ದಿನಾ ಹಿಡೀತೈತಿ," ಎಂದರು ಕಾರ್ಯದರ್ಶಿ. "ಮಳಿ ಶುರು ಆಗೇತಿ. ಅಲ್ಲೀ ಮಟಾ ಇದ ಗತಿ."

ನಾವು ಮಾತಾಡುತ್ತಿರುವಾಗಲೇ ಈ ಫೋನಿನ ಬಗ್ಗೆ ಸಂಘಕ್ಕೆ ದೂರು ಕೊಟ್ಟಿದ್ದ ಅಜ್ಜಿಯೊಬ್ಬಳು ಸೊಸೆಯನ್ನು ಕರೆದುಕೊಂಡು ಬಂದಳು. ಅರಭಾವಿಯಿಂದ ಕೆಳಗೆ, ಹೊಳೆ ದಂಡೆಯ ಊರಿನವಳು. ಗಂಡ ತೀರಿ ಕೆಲವು ತಿಂಗಳಾಗಿತ್ತು, ಅವನ ಫೋನು ಈಗ ಅವಳ ಹತ್ತಿರ ಇತ್ತು.

"ಹಾಡಹಗಲ ಬಡಕೊಳ್ಳತೈತ್ರಿ," ಎಂದಳು. "ಎತ್ತಿದರ ಅವರ ಹೆಸರ ಹಿಡದ ಕರೀತೈತಿ. ಕರ್ಯಾಂವರ ಯಾರು? ಅವರ ಬಾಜೂಕ ಕೂತ ಚಾ ಕುಡೀತಿದ್ದಾಂವ. ಅಂವನೂ ಹ್ವಾದ, ಇವರೂ ಹ್ವಾದರು. ಮ್ಯಾಲ ಬಾ, ಮ್ಯಾಲ ಬಾ ಅಂದ್ರ ಎಲ್ಲಿಗಿ ಬರೂದ್ರಿ?"

"ಯಾರ ಹೆಸರ ತಗೀಬೇಕು ಹೇಳ್ರಿ ಆಯಿ," ಎಂದೆ.

"ನಮ್ಮ ಮನಿಯವರದು."

"ಹೆಸರೇನ್ರಿ?"

ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಸೆರಗು ಎಳೆದುಕೊಂಡು, "ಮಾವನ ಹೆಸರ ನಾ ಹೆಂಗ ಹೇಳ್ಲಿ?" ಎಂದು ಗೋಡೆ ನೋಡಿದಳು. ಕಾರ್ಯದರ್ಶಿ ಚೇಷ್ಟೆಗಿಳಿದರು. "ಮದವ್ಯಾಗ ಒಡಪ ಹಾಕಿ, ಪದದಾಗ ಸೇರಿಸಿ ಗಂಡನ ಹೆಸರ ಹೇಳಿದ್ದಿಲ್ಲೇನ ಆಯಿ? ಈಗೂ ಒಂದ ಹಾಕಿ ಬಿಡು."

"ಅವರು ಇರೂ ಮಟಾ ಒಡಪ. ಈಗ ಯಾರ ಮುಂದ ಹಾಕ್ಲಿ?"

ಅಜ್ಜಿ ಎಲೆ ಅಡಿಕೆಯ ಚಂಚಿಯಿಂದ ಗಂಡನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಲಕ್ಕಪ್ಪ, ತಂದೆ ಸಿದ್ದಪ್ಪ. ಪಟ್ಟಿಯಲ್ಲಿ ಹುಡುಕಿದೆ. ಲಕ್ಕಪ್ಪ ಸಿದ್ದಪ್ಪ ಎರಡು ಸಲ ಇದ್ದ, ಎರಡು ಬೇರೆ ನಂಬರುಗಳಲ್ಲಿ. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎರಡು ಸಿಮ್ಮಿನವರು ಪಟ್ಟಿಯಲ್ಲಿ ಬಹಳ ಮಂದಿ ಇದ್ದರು.

"ಬಾಯಿ ಮುಚ್ಚಸ್ತೇನಿ ಬಿಡ್ರಿ," ಎಂದು ಮಾತು ಕೊಟ್ಟೆ.

ನನಗೊಂದು ಚಟವಿದೆ, ಅದನ್ನಿಲ್ಲಿ ಹೇಳಲೇಬೇಕು. ಕಂಪ್ಯೂಟರಿಗೆ ಕೊಡುವ ಆಜ್ಞೆಯನ್ನು ಎಷ್ಟು ಕಡಿಮೆ ಅಕ್ಷರದಲ್ಲಿ ಮುಗಿಸಬಹುದು ಎಂಬ ಪಂದ್ಯವೊಂದಿದೆ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವನು ಗೆದ್ದಂತೆ, ಅದಕ್ಕೇ ಅದನ್ನು ಕೋಡ್ ಗಾಲ್ಫ್ ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಮುಖ ನೋಡದ ಜನರೊಡನೆ ಒಂದು ಅಕ್ಷರಕ್ಕಾಗಿ ವಾರಗಟ್ಟಲೆ ಜಗಳಾಡಿದ್ದೇನೆ. ನನ್ನ ಹೆಂಡತಿ ಇದನ್ನು ಜಿಪುಣರ ಜಾತ್ರೆ ಎಂದು ಕರೆಯುತ್ತಾಳೆ. ಇಷ್ಟು ದಿನ ಅದು ಬರೀ ಆಟವಾಗಿತ್ತು. ಈಗ ಮೊದಲ ಸಲ ನಿಜವಾದ ಕಿಂಡಿಯೊಂದು ಎದುರಿಗೆ ಬಂದು, ಮೂವತ್ತೆರಡರೊಳಗೆ ಬಾ ನೋಡೋಣ ಎಂದಿತ್ತು. ಬೆಲ್ಲ ಕಂಡ ಇರುವೆಯ ಹಾಗೆ ಅಂಟಿಕೊಂಡೆ.

ಅಳಿಸಲು ಬಾರದಿದ್ದರೇನು, ಸೇರಿಸಲು ಬರುತ್ತಿತ್ತಲ್ಲ. ಸತ್ತವರ ಹೆಸರನ್ನೇ ಇನ್ನೊಮ್ಮೆ ಸೇರಿಸಿ ಅವರು ಸತ್ತವರೆಂದು ಮಷೀನಿಗೆ ತಿಳಿಸಬೇಕಿತ್ತು. ಸಾಲಿನ ಮೊದಲಿಗೆ ಹತ್ತಂಕಿ ಇಲ್ಲದಿದ್ದರೆ ಪುಟ ಒಪ್ಪುತ್ತಿರಲಿಲ್ಲ. ಹಾಗಾಗಿ ಫೋನ್ ನಂಬರಿನ ಜಾಗದಲ್ಲಿ ಹತ್ತು ಸೊನ್ನೆ ಹಾಕಿ, ಅಲ್ಪವಿರಾಮ ಕೊಟ್ಟು, ಲಕ್ಕಪ್ಪ ಸಿದ್ದಪ್ಪ ಎಂದು ಬರೆದೆ. ಸತ್ತ ಉಳಿದ ಸದಸ್ಯರ ಹೆಸರನ್ನೂ ಕಾರ್ಯದರ್ಶಿ ನೆನಪಿನಿಂದ ಹೇಳುತ್ತಾ ಹೋದರು, ನಾನು ಸೊನ್ನೆ ಹಾಕಿ ಸೇರಿಸುತ್ತಾ ಹೋದೆ. ಈಗ ಸೊನ್ನೆ ಬಿದ್ದ ಹೆಸರು ಎಲ್ಲಿ ಬಂದರೂ ಬಿಟ್ಟುಬಿಡು ಎಂದು ಮಷೀನಿಗೆ ಹೇಳಬೇಕು, ಅದೂ ಮೂವತ್ತೆರಡು ಅಕ್ಷರದಲ್ಲಿ.

ಮೊದಲು ಬರೆದದ್ದು ನಲವತ್ತು ದಾಟಿತು. ಪಟ್ಟಿಯನ್ನು ಎರಡು ಸಲ ಓದಿಸುವ ಉಪಾಯ ಮಾಡಿದೆ, ಆಗಲೂ ಬಾಲ ಹೊರಗೆ ಉಳಿಯಿತು. ಆಮೇಲೆ ಹೊಳೆಯಿತು. ಸಾಲುಗಳನ್ನು ಅಂಕಿಯ ಪ್ರಕಾರ ಜೋಡಿಸಿದರೆ ಸೊನ್ನೆಯವು ತಾವಾಗಿಯೇ ಎಲ್ಲಕ್ಕಿಂತ ಮೇಲೆ ಬರುತ್ತವೆ. ಹೀಗೆ ಬರೆದೆ:

sort a|awk -F, '$1*!s[$2]++'

ಇಪ್ಪತ್ತೆಂಟು ಅಕ್ಷರ. ಪಟ್ಟಿಯ ಹೆಸರು ಬರೀ a, ಅದು ಆಪರೇಟರ್ ಇಟ್ಟಿದ್ದ ಹೆಸರು. ಆ ಮನುಷ್ಯನಿಗೂ ಈ ಜಿಪುಣತನ ಇತ್ತೆಂದು ಆಗ ಗೊತ್ತಾಗಿ ಪ್ರೀತಿ ಉಕ್ಕಿತು. ಈ ಆಜ್ಞೆ ಮಾಡುವ ಕೆಲಸ ಇಷ್ಟು. ಸತ್ತವನು ಸಾಲಿನ ಮುಂದೆ ಬಂದು ನಿಲ್ಲುತ್ತಾನೆ. ಅವನ ಹೆಸರನ್ನು ಬಾಗಿಲಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಹಿಂದಿನಿಂದ ಅದೇ ಹೆಸರು ಹೇಳಿಕೊಂಡು ಯಾರು ಬಂದರೂ ಒಳಗೆ ಬಿಡುವುದಿಲ್ಲ. ಸತ್ತವನ ನಂಬರು ಸೊನ್ನೆಯಾದ್ದರಿಂದ ಗುಣಿಸಿದಾಗ ಅವನೂ ಸೊನ್ನೆಯಾಗಿ ಮಾಯವಾಗುತ್ತಾನೆ. ಎರಡು ಸಿಮ್ಮಿನವರಿಗೆ ಒಂದೇ ಕರೆ ಹೋಗುತ್ತದೆ, ಅದೂ ಒಳ್ಳೆಯದೇ ಎಂದುಕೊಂಡೆ. ಪರೀಕ್ಷೆ ಮಾಡಿ ನೋಡಿದೆ. ಪರದೆಯ ಮೇಲೆ ಲಕ್ಕಪ್ಪ ಸಿದ್ದಪ್ಪ ಎಲ್ಲಿಯೂ ಇರಲಿಲ್ಲ. ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಮಾತು ಕೊಟ್ಟ ಮೇಲೆ ಅಜ್ಜಿಗೆ ಹೇಳಿ ಬರೋಣವೆಂದು ಕಾರ್ಯದರ್ಶಿಯ ಬೈಕಿನ ಹಿಂದೆ ಕೂತು ಹೊಳೆ ದಂಡೆಯ ಆ ಊರಿಗೆ ಹೋದೆ. ದಾರಿಯುದ್ದಕ್ಕೂ ಕಬ್ಬು, ಕಬ್ಬಿನ ಆಚೆ ಕೆಂಪು ತಿರುಗುತ್ತಿದ್ದ ಹೊಳೆ. ಅಜ್ಜಿಯ ಮನೆಯ ಮುಂದೆ ಕುರಿಗಳು ತುಂಬಿದ್ದವು. ಒಬ್ಬ ವ್ಯಾಪಾರಿ ಆರಿಸಿದ ಕುರಿಗಳನ್ನು ಬೇರ್ಪಡಿಸುತ್ತಿದ್ದ, ಗಟ್ಟಿಮುಟ್ಟಾದ ತರುಣನೊಬ್ಬ ಅವುಗಳನ್ನು ಕಾಲಿನ ನಡುವೆ ಹಿಡಿದು ನಿಂತಿದ್ದ. ಪ್ರತಿ ಕುರಿಯ ಬೆನ್ನ ಮೇಲೂ ಒಂದು ನೀಲಿ ಗೀಟು. ವ್ಯಾಪಾರಿ ಆರಿಸಿದ್ದರ ಮೇಲೆ ತರುಣ ಅದೇ ನೀಲಿಯಲ್ಲಿ ಇನ್ನೊಂದು ಗೀಟು ಎಳೆಯುತ್ತಿದ್ದ.

"ಇದೇನಿದು ಎರಡೆರಡು?" ಎಂದೆ.

"ಒಂದ ಗೀಟ ಇದ್ರ ಮನೀದು. ಎರಡ ಬಿದ್ರ ಹ್ವಾದದ್ದು," ಎಂದ ತರುಣ. "ಉಣ್ಣಿ ಮ್ಯಾಲಿನ ಬಣ್ಣಾ ಅಳಸಾಕ ಬರೂದಿಲ್ಲರಿ. ಅದಕ್ಕ ಮ್ಯಾಲ ಇನ್ನೊಂದ ಎಳೀತೇವಿ."

ಅಜ್ಜಿ ಚಹಾ ತಂದಳು. ಫೋನ್ ಇನ್ನು ಬರುವುದಿಲ್ಲ ಎಂದಾಗ ಅವಳ ಮುಖ ಸಡಿಲವಾಯಿತು. ಅಂಗಳದ ಕಡೆ ತಿರುಗಿ, "ತಮ್ಮಾ, ಚಾ ಕುಡಿ ಬಾ," ಎಂದು ಆ ತರುಣನನ್ನು ಕರೆದಳು. ಮೊಮ್ಮಗ, ಹಿರಿಯ ಮಗನ ಹಿರಿಯ ಮಗ. ಅಜ್ಜನ ಹಿಂಡು ಈಗ ಅವನದು. ಸುಮ್ಮನೆ ಮಾತಿಗೆಂದು ಹೆಸರು ಕೇಳಿದೆ.

"ಲಕ್ಕಪ್ಪ ರೀ. ಲಕ್ಕಪ್ಪ ಸಿದ್ದಪ್ಪ."

ಚಹಾ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು ಅವನ ಫೋನ್ ನಂಬರು ಕೇಳಿದೆ. ನಾನು ಎರಡನೆಯ ಸಿಮ್ಮು ಎಂದುಕೊಂಡಿದ್ದ ನಂಬರು ಅದೇ.

ಅಜ್ಜನ ಹೆಸರನ್ನು ಹಿರಿಯ ಮೊಮ್ಮಗನಿಗೆ ಇಡುವುದು ನಮ್ಮ ಕಡೆ ರೂಢಿ. ಲಕ್ಕಪ್ಪನ ಅಪ್ಪ ಸಿದ್ದಪ್ಪ, ಮಗನೂ ಸಿದ್ದಪ್ಪ, ಮೊಮ್ಮಗ ಮತ್ತೆ ಲಕ್ಕಪ್ಪ. ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ತಂದೆಯ ಹೆಸರು, ಅಡ್ಡಹೆಸರುಗಳ ಸಮೇತ ಅದೇ ಮನುಷ್ಯ ತಿರುಗಿ ಬಂದಿರುತ್ತಾನೆ. ನನ್ನ ಮಗನಿಗೂ ನನ್ನ ಅಪ್ಪನ ಹೆಸರೇ ಇದೆ. ಇಷ್ಟು ಗೊತ್ತಿದ್ದೂ, ಸಾಲು ಕತ್ತರಿಸುವ ಅಮಲಿನಲ್ಲಿ ನನಗೆ ನೆನಪಾಗಲಿಲ್ಲ. ಅಜ್ಜಿ ಗಂಡನ ಹೆಸರು ಹೇಳುವಂತಿಲ್ಲ, ಹಾಗಾಗಿ ಮೊಮ್ಮಗ ಆ ಮನೆಯಲ್ಲಿ ಹುಟ್ಟಿದಂದಿನಿಂದ ತಮ್ಮ. ಗಂಡನ ಹೆಸರಿನ ಇನ್ನೊಬ್ಬ ಮನೆಯಲ್ಲಿದ್ದಾನೆಂದು ಅವಳು ನಮಗೆ ಹೇಳುವುದಾದರೂ ಹೇಗೆ?

ಮೂಡಲಗಿಗೆ ತಿರುಗಿ ಬಂದು ಪಟ್ಟಿ ತೆರೆದೆವು. ನಾನು ಸೊನ್ನೆ ಹಾಕಿದ ಒಂದೊಂದು ಹೆಸರನ್ನೂ ಕಾರ್ಯದರ್ಶಿ ಓದುತ್ತಾ, "ಇವನ ಮೊಮ್ಮಗನೂ ಇವನ... ಇವನ ಮೊಮ್ಮಗನೂ ಇವನ," ಎನ್ನುತ್ತಾ ಹೋದರು. ಅವರ ದನಿ ಇಳಿಯುತ್ತಾ ಹೋಯಿತು. ಸತ್ತ ಅಜ್ಜಂದಿರು ಸಾಲಿನ ಮುಂದೆ ನಿಂತುಕೊಂಡು ಬದುಕಿದ್ದ ಮೊಮ್ಮಕ್ಕಳ ದಾರಿ ಕಟ್ಟಿದ್ದರು. ಆವತ್ತೇ ನೀರು ಬಿಟ್ಟಿದ್ದರೆ ದಂಡೆಯ ಮೇಲಿದ್ದ ಆ ಹುಡುಗರಲ್ಲಿ ಒಬ್ಬರಿಗೂ ಫೋನ್ ಹೋಗುತ್ತಿರಲಿಲ್ಲ. ಕೂಡಲೇ ನನ್ನ ಆಜ್ಞೆ ತೆಗೆದು ಹಳೆಯದನ್ನೇ ಹಾಕಿದೆ. ಅಜ್ಜಿಗೆ ಕೊಟ್ಟ ಮಾತು ಮುರಿಯಿತು, ಇರಲಿ ಎಂದುಕೊಂಡೆ.

ಈಗ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೆಸರು ಹಿಡಿದರೆ ಮೊಮ್ಮಗ ಹೋಗುತ್ತಾನೆ, ಹಾಗಾಗಿ ನಂಬರು ಹಿಡಿಯಬೇಕು. ಆದರೆ ನಂಬರಿನ ಜಾಗದಲ್ಲಿ ಸತ್ತವನ ನಂಬರನ್ನೇ ಬರೆದರೆ ಸೊನ್ನೆ ಎಲ್ಲಿ ಹಾಕುವುದು? ಹೆಸರಿನ ಮುಂದೆ ಗುರುತು ಹಾಕಿ ನೋಡಿದೆ. ಆಜ್ಞೆ ಮೂವತ್ತಾರಕ್ಕೆ ಬಂತು, ಒದ್ದಾಡಿ ಮೂವತ್ತನಾಲ್ಕಕ್ಕೆ ಇಳಿಯಿತು, ಅಲ್ಲೇ ಹಟ ಹಿಡಿದು ಕೂತಿತು. ಪಂದ್ಯದ ಗೆಳೆಯರನ್ನು ಕೇಳಿದೆ. ಊರು ಹೆಸರು ಹೇಳದೆ ಬರೀ ಒಗಟನ್ನಷ್ಟೇ ಇಟ್ಟೆ. ಒಬ್ಬ ಒಂದು ಅಕ್ಷರ ಉಳಿಸಿ ಕೊಟ್ಟ. ಇನ್ನೊಂದೇ ಒಂದು ಬೇಕಿತ್ತು. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುತ್ತಿದ್ದೆ. ಊಟದ ತಟ್ಟೆಯ ಮುಂದೆ ಕೂತಾಗಲೂ ಕಿವಿಯಲ್ಲಿ ಆಪರೇಟರ್ ದನಿ, ಮ್ಯಾಲ ಬಾರೋ ಎಂದು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಹಿಂದಿನ ನಗು.

ಒಂದು ದಿನ ಮೂಡಲಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ಹತ್ತಿ ಗಲಾಟೆ ಎಬ್ಬಿಸಿದರು. ರಸ್ತೆಗೆ ಅಡ್ಡವಾಗಿ ಕುರಿಗಳು ಬಂದು ಬಸ್ಸು ನಿಂತಿತು. ಕಿಟಕಿಯಿಂದ ಅವುಗಳ ಬೆನ್ನು ನೋಡುತ್ತಾ ಕೂತೆ. ಅಳಿಸಲು ಬಾರದ್ದನ್ನು ಅಳಿಸಲು ನಾನು ಯಾಕೆ ಇಷ್ಟು ಗುದ್ದಾಡುತ್ತಿದ್ದೇನೆ ಅನಿಸಿತು. ಒಂದು ಗೀಟು ಮನೆಯದು, ಎರಡು ಬಿದ್ದರೆ ಹೋದದ್ದು. ಸೊನ್ನೆ ಬೇಡ, ಗುರುತು ಬೇಡ, ಗುಣಾಕಾರ ಬೇಡ. ಸತ್ತವನ ಸಾಲನ್ನೇ, ಅದೇ ನಂಬರು ಅದೇ ಹೆಸರಿನ ಸಮೇತ, ಇದ್ದ ಹಾಗೆಯೇ ಇನ್ನೊಮ್ಮೆ ಬರೆದರೆ ಸಾಕು. ಮಷೀನಿಗೆ ಹೇಳಬೇಕಾದದ್ದು ಒಂದೇ: ಒಂಟಿಯಾಗಿರುವ ಸಾಲುಗಳಿಗೆ ಮಾತ್ರ ಫೋನ್ ಮಾಡು.

sort a|uniq -u

ಹದಿನಾಲ್ಕು ಅಕ್ಷರ. ಮೊದಲಿನದರ ಸರಿಯಾಗಿ ಅರ್ಧ. ಬಸ್ಸಿನಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ, ಬಾಜೂಕ ಕೂತವರು ಸ್ವಲ್ಪ ಸರಿದು ಕೂತರು. ಅಜ್ಜನ ಸಾಲು ಜೋಡಿಯಾಗಿ ಹೊರಗೆ ಬೀಳುತ್ತದೆ. ಮೊಮ್ಮಗನ ನಂಬರು ಬೇರೆ, ಅವನ ಸಾಲು ಒಂಟಿಯಾಗಿ ಉಳಿಯುತ್ತದೆ. ಹೆಸರು ಒಂದೇ ಆದರೂ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿರುತ್ತಾರೆ.

ಇದರಲ್ಲೂ ಒಂದು ಮುಳ್ಳಿತ್ತು. ಯಾರೋ ಮರೆತು ಎರಡು ಸಲ ನೋಂದಾಯಿಸಿದ ಬದುಕಿದ್ದವರೂ ಸತ್ತವರ ಜೊತೆ ಹೊರಗೆ ಬೀಳುತ್ತಿದ್ದರು. ಈ ಸಲ ನಾನು ಒಬ್ಬನೇ ತೀರ್ಮಾನಿಸಲಿಲ್ಲ. ಜೋಡಿ ಬಿದ್ದ ಸಾಲುಗಳನ್ನೆಲ್ಲ ಪರದೆಗೆ ತರಿಸಿ, ಕಾರ್ಯದರ್ಶಿಯನ್ನು ಬಾಜೂಕ ಕೂರಿಸಿಕೊಂಡು, ಒಬ್ಬೊಬ್ಬರ ಮನೆಗೂ ಫೋನ್ ಮಾಡಿಸಿದೆ. ಬದುಕಿದ್ದವರ ಸಾಲಿನ ಕೊನೆಗೆ ಒಂದು ಅಲ್ಪವಿರಾಮ ಹಚ್ಚಿ ಹೊಸದಾಗಿ ಸೇರಿಸಿದೆ. ಮಷೀನು ಆ ಬಾಲವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆದರೆ ಸಾಲು ಬೇರೆಯಾಗುತ್ತಿತ್ತು. ಹಳೆಯ ಸೊನ್ನೆಯ ಸಾಲುಗಳನ್ನೂ ಇನ್ನೊಮ್ಮೆ ಬರೆದು ಜೋಡಿ ಮಾಡಿ ಹೊರಗೆ ಹಾಕಿದೆ. ಕೊನೆಗೆ ಪರೀಕ್ಷೆ ಮಾಡಿದಾಗ ಪರದೆಯ ಮೇಲೆ ಲಕ್ಕಪ್ಪ ಸಿದ್ದಪ್ಪ ಒಮ್ಮೆ ಬಂದ. ಮೊಮ್ಮಗನ ನಂಬರಿನೊಂದಿಗೆ.

ಮಷೀನಿನ ಫೋನ್ ನಿನಗೆ ಬರುತ್ತದೆ, ಎತ್ತು ಎಂದು ಮೊಮ್ಮಗನಿಗೆ ಕಾರ್ಯದರ್ಶಿಯೇ ಫೋನ್ ಮಾಡಿ ಹೇಳಿದರು. ಅವನು ತಡವರಿಸಿದ. "ಬರತೈತ್ರಿ, ಮೊದಲಿಂದೂ ಬರತೈತಿ. ಆದ್ರ ಎತ್ತೂದಿಲ್ಲ. ಆಯಿ ಆಣಿ ಹಾಕ್ಯಾಳ. ಸತ್ತಾಂವ ಹೆಸರ ಹಿಡದ ಕರದ್ರ ಓ ಅನಬಾರದಂತ."

"ಅದು ನಿನ್ನ ಹೆಸರೋ ಮಾರಾಯ!"

"ಅಜ್ಜಂದೂ ಅದ ಅಲ್ಲರಿ? ಯಾರನ್ನ ಕರದ್ರು ಅಂತ ಹೆಂಗ ತಿಳೀಬೇಕು?"

ಎತ್ತಬೇಕು ಎಂದು ಕಾರ್ಯದರ್ಶಿ ಗದರಿದರು. ಹೂಂ ಎಂದ. ಆ ಹೂಂ ನನಗೆ ನಂಬಿಕೆ ಬರುವಂತೆ ಇರಲಿಲ್ಲ. ಮೂವತ್ತೆರಡು ಅಕ್ಷರದ ಕಿಂಡಿಯಲ್ಲಿ ಏನನ್ನು ಬರೆದರೂ ಈ ತೊಡಕು ಬಿಡುತ್ತಿರಲಿಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ಆದರೂ ಮಳೆ ಜೋರಾದ ದಿನಗಳಲ್ಲಿ ಏನೋ ನೆಪ ಹುಡುಕಿ ಮೂಡಲಗಿಗೆ ಹೋಗುತ್ತಿದ್ದೆ.

ಅಂಥದೇ ಒಂದು ದಿನ, ಊಟದ ಹೊತ್ತು ಕಳೆದ ಮೇಲೆ, ಹುಕ್ಕೇರಿ ಕಡೆಯ ಸದಸ್ಯನ ಫೋನ್ ಬಂತು. ನೀರು ಬಿಟ್ಟಿದ್ದರು, ಹಿಂದಿನ ಸಲಕ್ಕಿಂತ ಹೆಚ್ಚು. ಕಾರ್ಯದರ್ಶಿ ಗುಂಡಿ ಒತ್ತಿದರು. ಸ್ಪೀಕರಿನಲ್ಲಿ ಆಪರೇಟರ್ ಒಬ್ಬೊಬ್ಬರನ್ನಾಗಿ ಕರೆಯತೊಡಗಿದರು. ಭೀಮಪ್ಪಾ. ಯಲ್ಲಪ್ಪಾ. ಪ್ರತಿ ಕರೆಯ ಕೊನೆಗೂ ಕೆಮ್ಮು, ನಗು. ಪರದೆಯ ಮೇಲೆ ಒಂದೊಂದು ಹೆಸರಿನ ಮುಂದೂ ಎತ್ತಿದರು ಎಂಬ ಹಸಿರು ಗುರುತು ಬೀಳುತ್ತಿತ್ತು. ಮೊಮ್ಮಕ್ಕಳ ಹೆಸರುಗಳೂ ಹಸಿರಾದವು. ಲಕ್ಕಪ್ಪ ಸಿದ್ದಪ್ಪನ ಸರದಿ ಬಂತು. ರಿಂಗಾಯಿತು, ಆಗುತ್ತಲೇ ಇತ್ತು, ನಿಂತಿತು. ಮಷೀನು ಎರಡನೆಯ ಸಲ ಮಾಡಿತು. ಆಗಲೂ ಎತ್ತಲಿಲ್ಲ.

ಕಾರ್ಯದರ್ಶಿ ತಮ್ಮ ಫೋನಿನಿಂದ ಮಾಡಿದರು. ಅದನ್ನೂ ಎತ್ತಲಿಲ್ಲ. ನಾನು ಅಜ್ಜಿಯ ಫೋನಿಗೆ ಹಚ್ಚಿ ಸ್ಪೀಕರ್ ಹಾಕಿದೆ.

"ತಮ್ಮ ಎಲ್ಲಿ ಅದಾನ ಆಯಿ?"

"ಹೊಳ್ಯಾಗರಿ. ಉಣ್ಣಿ ಕತ್ತರಸೂದೈತಿ, ಕುರಿ ಮೈ ತೊಳ್ಯಾಕ ಹೋಗ್ಯಾನ. ಫೋನ ಇಲ್ಲೇ ಗೂಟಕ್ಕ ಬಿಟ್ಟಾನ. ಈಗ ಬಡಕೊಂತ. ನಾನೂ ಎತ್ತಲಿಲ್ಲ."

"ನೀರ ಬಿಟ್ಟಾರ. ಬಾಳ ಬಿಟ್ಟಾರ. ಲಗೂ ಹೋಗಿ ಕರೀ ಆಯಿ, ಫೋನ ಕೈಯಾಗ ಇರಲಿ."

ಚಪ್ಪಲಿಯ ಸದ್ದು, ಏದುಸಿರು, ಕಬ್ಬಿನ ಗರಿ ಸೀರೆಗೆ ಸವರಿದ ಸದ್ದು. ನಾವಿಬ್ಬರೂ ಮೇಜಿನ ಮೇಲಿನ ಫೋನನ್ನೇ ನೋಡುತ್ತಾ ನಿಂತಿದ್ದೆವು. ಆಮೇಲೆ ಹೊಳೆಯ ಮೊರೆತ, ಕುರಿಗಳ ಕೂಗು.

"ತಮ್ಮಾ! ಏ ತಮ್ಮಾ!"

ಹೊಳೆಯ ಸದ್ದು ಇನ್ನಷ್ಟು ಹತ್ತಿರವಾಯಿತು. "ತಮ್ಮಾ! ಏ ತಮ್ಮಾ, ಬಾರೋ!"

"ಕೇಳವಲ್ದರಿ," ಎಂದು ನಮಗೆ ಹೇಳಿದಳು. "ಬೆನ್ನ ಮಾಡಿ ನಿಂತಾನ. ಬಾಳ ಮಂದಿ ಅದಾರ, ಯಾರ ಯಾರಿಗೋ ತಮ್ಮಾ ಅಂತಾರ, ತನಗಲ್ಲ ಅಂತ..."

ಮಾತು ಅಲ್ಲಿಗೇ ನಿಂತಿತು. ಬರೀ ಉಸಿರು ಕೇಳುತ್ತಿತ್ತು. ಕಾರ್ಯದರ್ಶಿ ನನ್ನ ತೋಳು ಹಿಡಿದುಕೊಂಡರು.

"ಲಕ್ಕಪ್ಪಾ!"

ಆ ದನಿ ನಾವು ಕೇಳಿದ ಅಜ್ಜಿಯದಲ್ಲ. ಗಂಟಲು ಹರಿದುಕೊಂಡು ಬಂದಿತ್ತು. "ಲಕ್ಕಪ್ಪಾ! ಮ್ಯಾಲ ಬಾರೋ ಲಕ್ಕಪ್ಪಾ!"

ದೂರದಲ್ಲಿ ಗಂಡಸೊಬ್ಬ "ಓ!" ಎಂದದ್ದು ಕೇಳಿತು. ಆಮೇಲೆ ಕುರಿಗಳ ಕಾಲ ಸದ್ದು, ಯಾರು ಯಾರೋ ಕೂಗಾಡುವುದು. ಕೊನೆಗೆ ಅವಳು ಮತ್ತೆ ಫೋನಿಗೆ ಬಂದಳು.

"ಬಂದಾನ್ರಿ. ಕುರಿನೂ ಬಂದಾವು. ಬಾಜೂಕಿದ್ದ ಮಂದಿನೂ ಮ್ಯಾಲ ಏರಿದ್ರು."

"ಚಲೋ ಆತ ಆಯಿ."

"ಹೆಸರ ಹಿಡದ ಕರದ್ನೋ ಯಪ್ಪಾ," ಎಂದಳು. ಅಳುತ್ತಿದ್ದಳು. "ಅವರಿಗೂ ಕೇಳಿರಬೇಕು."

ಅವಳೇ ಮುಂದುವರಿಸಿದಳು. "ಆ ಫೋನ ನನಗ ತಿರಗಿ ಹಚ್ಚ್ರಿ. ಇಂವ ಹೊಳ್ಯಾಗ ಇರ್ತಾನ, ಫೋನ ಗೂಟಕ್ಕ ಇರ್ತೈತಿ. ಕರ್ಯಾಂವ ಕರೀಲಿ. ನಾ ಎತ್ತತೇನಿ."

ಜೋಡಿ ಮಾಡಿ ಹೊರಗೆ ಹಾಕಿದ್ದ ಅಜ್ಜನ ಸಾಲನ್ನು ಅಲ್ಪವಿರಾಮ ಹಚ್ಚಿ ಒಂಟಿಯಾಗಿ ಸೇರಿಸಿದೆ. ಈಗ ಪಟ್ಟಿಯಲ್ಲಿ ಲಕ್ಕಪ್ಪ ಸಿದ್ದಪ್ಪ ಮತ್ತೆ ಇಬ್ಬರಾದರು. ಹೊತ್ತು ಇಳಿಯುವ ಮೊದಲು ಹುಕ್ಕೇರಿಯಿಂದ ಇನ್ನೊಂದು ಸುದ್ದಿ ಬಂತು, ಇನ್ನಷ್ಟು ನೀರು ಬಿಟ್ಟಿದ್ದಾರೆಂದು. ಮತ್ತೆ ಗುಂಡಿ ಒತ್ತಿದೆವು. ಅಜ್ಜಿಯ ನಂಬರಿನ ಸರದಿ ಬಂದಾಗ ಕಾರ್ಯದರ್ಶಿ ಸ್ಪೀಕರಿನ ದನಿ ಏರಿಸಿದರು. ಮೊದಲ ರಿಂಗಿಗೇ ಎತ್ತಿದಳು.

"ಲಕ್ಕಪ್ಪಾ... ಹೊಳಿಗಿ ನೀರ ಬಿಟ್ಟಾರ. ದಂಡಿ ಬಿಟ್ಟ ಮ್ಯಾಲ ಬಾರೋ, ಮ್ಯಾಲ ಬಾ."

ಆಪರೇಟರ್ ಕೆಮ್ಮುವವರೆಗೂ ಕಾದಳು. ಆಮೇಲೆ, ಮನೆಗೆ ಬಂದ ಹಿರಿಯರೊಡನೆ ಆಡುವ ದನಿಯಲ್ಲಿ, ಮೆತ್ತಗೆ ಹೇಳಿದಳು:

"ಬಂದಾನ್ರಿ ಅಂವ. ಮನ್ಯಾಗ ಅದಾನ. ನೀವಿನ್ನ ಹೋಗ್ರಿ."